ಫಾದರ್ಲಿ ಬೇರೆ, ಪೆಟರ್ನಲ್ ಬೇರೆ: ಇಂಗ್ಲಿಷಿನ ನೆಂಟರ ಪದಗಳ ಬೇರು ಹುಡುಕುವುದು ಹೇಗೆ?

‘ಪೆಟರ್ನಲ್ ಅಂಕಲ್’ ಅಂದರೆ ಅಪ್ಪನ ಅಣ್ಣ ಅಥವಾ ತಮ್ಮ. ‘ಫಾದರ್ಲಿ ಅಂಕಲ್’ ಅಂದರೆ ಅಪ್ಪನ ಹಾಗೆ ಅಕ್ಕರೆ ತೋರಿಸುವ ಹಿರಿಯರು. ಮೊದಲನೆಯವರು ವರ್ಷಗಟ್ಟಲೆ ನಿಮ್ಮ ಮನೆ ಹೊಸ್ತಿಲು ತುಳಿಯದಿದ್ದರೂ ಪೆಟರ್ನಲ್ ಅಂಕಲ್ಲೇ. ಎರಡನೆಯವರು ಪಕ್ಕದ ಮನೆಯವರೂ ಆಗಿರಬಹುದು. ಎರಡು ಪದಕ್ಕೂ ‘ಅಪ್ಪನ’ ಅನ್ನುವುದೇ ಮೂಲ ಅರ್ಥ. ಆದರೂ ಒಂದರ ಜಾಗದಲ್ಲಿ ಇನ್ನೊಂದನ್ನು ಇಟ್ಟರೆ ಕೆಲಸ ಕೆಡುತ್ತದೆ.

ಇಂಥವನ್ನು ಪಟ್ಟಿ ಮಾಡಿ ಉರು ಹೊಡೆಯುವುದು ನಮ್ಮ ಶಾಲೆಗಳ ಹಳೇ ಪದ್ಧತಿ. ಪರೀಕ್ಷೆ ಮುಗಿದ ವಾರಕ್ಕೆ ಅದು ಮರೆತುಹೋಗುತ್ತದೆ. ನನಗೆ ಸರಿ ಅನ್ನಿಸುವ ದಾರಿ ಬೇರೆ. ಪದ ಎಲ್ಲಿಂದ ಬಂತು, ಯಾವಾಗ ಬಂತು ಅಂತ ಒಮ್ಮೆ ನೋಡಿಬಿಟ್ಟರೆ, ಅದನ್ನು ಎಲ್ಲಿ ಬಳಸಬೇಕು ಅನ್ನುವುದು ಬಹುಪಾಲು ತಾನಾಗೇ ತಿಳಿಯುತ್ತದೆ. ಮನೆಯೊಳಗಿನ ಮಾತು ಒಂದು ಕಡೆಯಿಂದ ಬಂದಿದೆ, ಕಚೇರಿ ಕಾಗದದ ಮಾತು ಇನ್ನೊಂದು ಕಡೆಯಿಂದ ಬಂದಿದೆ. ಕನ್ನಡದವರಿಗೆ ಇದು ಹೊಸದೇನಲ್ಲ. ಮನೆಯಲ್ಲಿ ‘ಅಪ್ಪನ ಆಸ್ತಿ’ ಅನ್ನುತ್ತೇವೆ, ಪತ್ರದಲ್ಲಿ ‘ಪಿತ್ರಾರ್ಜಿತ’ ಅಂತ ಬರೆಸುತ್ತೇವೆ.

ಮೊದಲು ಮೂರು ಕಾಲಮ್ ಹಾಕಿ

ಒಂದು ನೋಟ್‌ಬುಕ್ ತೆಗೆದುಕೊಳ್ಳಿ. ಮೊದಲ ಕಾಲಮ್ಮಿನಲ್ಲಿ ಸಂಬಂಧದ ಹೆಸರು ಬರೆಯಿರಿ: ಫಾದರ್, ಮದರ್, ಬ್ರದರ್, ಸಿಸ್ಟರ್, ಸನ್, ಡಾಟರ್, ಚೈಲ್ಡ್, ಹಸ್ಬೆಂಡ್, ವೈಫ್, ಅಂಕಲ್, ಪೇರೆಂಟ್, ಫ್ಯಾಮಿಲಿ. ಎರಡನೆಯದರಲ್ಲಿ, ಆ ಹೆಸರು ಹಾಗೇ ಕಾಣಿಸುವ ಗುಣವಾಚಕಗಳು: ಫಾದರ್ಲಿ, ಮದರ್ಲಿ, ಬ್ರದರ್ಲಿ, ಚೈಲ್ಡಿಶ್, ಚೈಲ್ಡ್‌ಲೈಕ್, ಫಾದರ್‌ಲೆಸ್. ಮೂರನೆಯದರಲ್ಲಿ, ಅರ್ಥ ಅದೇ ಆದರೂ ಹೆಸರು ಕಾಣಿಸದವು: ಪೆಟರ್ನಲ್, ಮೆಟರ್ನಲ್, ಫ್ರಟರ್ನಲ್, ಫಿಲಿಯಲ್, ಮ್ಯಾರಿಟಲ್, ಅವಂಕ್ಯುಲರ್.

ಕೆಲವು ಕಡೆ ಕಾಲಮ್ ಖಾಲಿ ಉಳಿಯುತ್ತದೆ. ಉಳಿಯಲಿ, ಸುಮ್ನೆ ಏನಾದರೂ ತುಂಬಿಸಬೇಡಿ. ಫಿಲಿಯಲ್ ಮಾತ್ರ ಸನ್, ಡಾಟರ್ ಎರಡಕ್ಕೂ ಬರುತ್ತದೆ. ಲ್ಯಾಟಿನ್‌ನಲ್ಲಿ ಮಗ ಫಿಲಿಯಸ್, ಮಗಳು ಫಿಲಿಯಾ.

ನಿಘಂಟಿನಲ್ಲಿ ಯಾವುದನ್ನು ಓದಬೇಕು

ಅರ್ಥ ನೋಡಿ ನಿಘಂಟು ಮುಚ್ಚಬೇಡಿ. ಪದದ ಹುಟ್ಟನ್ನು ಹೇಳುವ ಸಾಲು ಅರ್ಥದ ಹಿಂದೆ ಅಥವಾ ಮುಂದೆ ಇರುತ್ತದೆ. ಎಟಿಮ್‌ಆನ್‌ಲೈನ್ ಮತ್ತು ವಿಕ್ಷನರಿ ಎರಡೂ ಉಚಿತ, ಮೊಬೈಲಿನಲ್ಲೇ ನೋಡಬಹುದು. ದೊಡ್ಡಣ್ಣ ಅಂದರೆ ಆಕ್ಸ್‌ಫರ್ಡ್ ಇಂಗ್ಲಿಷ್ ಡಿಕ್ಷನರಿ. ಅದರ ಮೊದಲ ಕಂತು ಬಂದದ್ದು 1884ರಲ್ಲಿ, ಮೊದಲ ಆವೃತ್ತಿ ಪೂರ್ತಿಯಾದದ್ದು 1928ರಲ್ಲಿ. ಅದಕ್ಕೆ ದುಡ್ಡು ಕಟ್ಟಬೇಕು. ನಮ್ಮ ಕೆಲಸಕ್ಕೆ ಮೊದಲಿನ ಎರಡೇ ಸಾಕು.

ಆ ಸಾಲಿನಲ್ಲಿ ಐದು ವಿಷಯ ಗಮನಿಸಿ. ಓಲ್ಡ್ ಇಂಗ್ಲಿಷ್ ಅಂತಿದ್ದರೆ ಪದ ಸುಮಾರು 1100ಕ್ಕಿಂತ ಹಿಂದಿನದು, ಇಂಗ್ಲಿಷಿನ ಸ್ವಂತ ಮನೆಯದೇ. ಓಲ್ಡ್ ನಾರ್ಸ್ ಅಂತಿದ್ದರೆ ವೈಕಿಂಗ್ ಜನರ ಜೊತೆ ಬಂದದ್ದು. ಓಲ್ಡ್ ಫ್ರೆಂಚ್ ಅಂತಿದ್ದರೆ 1066ರಲ್ಲಿ ಫ್ರೆಂಚ್ ಮಾತಾಡುವ ನಾರ್ಮನ್ನರು ಇಂಗ್ಲೆಂಡ್ ಗೆದ್ದ ಮೇಲಿನದು ಅಂತ ಊಹಿಸಬಹುದು. ಪದದ ಮುಂದೆ ನಕ್ಷತ್ರ ಚಿಹ್ನೆ ಇದ್ದರೆ ಅದು ಎಲ್ಲೂ ಬರೆದಿಟ್ಟ ರೂಪವಲ್ಲ, ಪಂಡಿತರು ಲೆಕ್ಕ ಹಾಕಿ ಕಟ್ಟಿದ ರೂಪ. ಪಕ್ಕದಲ್ಲಿ ಕೊಟ್ಟ ಇಸವಿ ಪದ ಹುಟ್ಟಿದ ದಿನವಲ್ಲ. ಬರಹದಲ್ಲಿ ಮೊದಲು ಸಿಕ್ಕಿದ ಕಾಲ ಅಷ್ಟೇ.

ಇನ್ನೊಂದು ಮಾತು ಇವೆಲ್ಲಕ್ಕಿಂತ ಮುಖ್ಯ. ‘ಫ್ರಮ್’ ಅಂತಿದ್ದರೆ ಅದರಿಂದ ಬಂತು ಅಂತ. ‘ಕಾಗ್ನೇಟ್’ ಅಂತಿದ್ದರೆ ದಾಯಾದಿ ಅಂತ: ಎರಡೂ ಒಂದೇ ಮೂಲದಿಂದ ಬಂದವು, ಒಂದರಿಂದ ಇನ್ನೊಂದು ಬಂದದ್ದಲ್ಲ. ಫಾದರ್ ಸಂಸ್ಕೃತದ ಪಿತೃವಿನಿಂದ ಬಂತು ಅನ್ನುವ ಮಾತನ್ನು ವಾಟ್ಸಾಪ್‌ನಲ್ಲಿ ಆಗಾಗ ನೋಡುತ್ತೇವಲ್ಲ, ಆ ತಪ್ಪು ಹುಟ್ಟುವುದು ಈ ಎರಡನ್ನು ಬೆರೆಸುವುದರಿಂದಲೇ. ಅಂದಹಾಗೆ ಕಾಗ್ನೇಟ್ ಪದಕ್ಕೂ ಲ್ಯಾಟಿನ್‌ನಲ್ಲಿ ‘ಜೊತೆಗೆ ಹುಟ್ಟಿದ್ದು’ ಅಂತಲೇ ಅರ್ಥ. ನಮ್ಮ ಒಡಹುಟ್ಟು.

ಸಂಸ್ಕೃತದ ಪದ ಪಕ್ಕಕ್ಕಿಟ್ಟು ನೋಡಿ

ಇಲ್ಲಿ ನಮಗೆ ಒಂದು ಅನುಕೂಲ ಇದೆ. ಕನ್ನಡದ ಬರಹದಲ್ಲಿ ಸಂಸ್ಕೃತದ ನೆಂಟರ ಪದಗಳು ಧಾರಾಳ. ಪಿತೃ, ಮಾತೃ, ಭ್ರಾತೃ, ವಿಧವೆ ನಮಗೆ ಗೊತ್ತೇ ಇವೆ. ಮಗಳಿಗೆ ದುಹಿತೃ, ಮಗನಿಗೆ ಸೂನು, ಅಕ್ಕತಂಗಿಗೆ ಸ್ವಸೃ ಅನ್ನುವುದು ಹಳೇ ಕಾವ್ಯ ಓದಿದವರಿಗೆ ಗೊತ್ತಿರುತ್ತದೆ. ಈಗ ಇವುಗಳ ಪಕ್ಕ ಫಾದರ್, ಮದರ್, ಬ್ರದರ್, ವಿಡೋ, ಡಾಟರ್, ಸನ್, ಸಿಸ್ಟರ್ ಬರೆದು ನೋಡಿ. ಲ್ಯಾಟಿನ್‌ನ ಪಾತೆರ್, ಮಾತೆರ್, ಫ್ರಾತೆರ್ ಕೂಡ ಬರೆಯಿರಿ. 1786ರಲ್ಲಿ ಕಲ್ಕತ್ತಾದ ಏಷ್ಯಾಟಿಕ್ ಸೊಸೈಟಿಯಲ್ಲಿ ವಿಲಿಯಂ ಜೋನ್ಸ್ ಮಾಡಿದ ಭಾಷಣದಿಂದ ಈ ಹೋಲಿಕೆಯ ಕಡೆ ಯುರೋಪಿನ ಗಮನ ಜೋರಾಗಿ ತಿರುಗಿತು.

ಹೋಲಿಕೆ ಅಂದಾಜಿನದಲ್ಲ, ಅದಕ್ಕೆ ಲೆಕ್ಕ ಇದೆ. ಡೆನ್ಮಾರ್ಕಿನ ರಾಸ್ಮಸ್ ರಾಸ್ಕ್ 1818ರಲ್ಲಿ, ಜರ್ಮನಿಯ ಯಾಕೋಬ್ ಗ್ರಿಮ್ 1822ರಲ್ಲಿ ಅದನ್ನು ತೋರಿಸಿದರು. ಸಂಸ್ಕೃತದ ‘ಪ’ ಇದ್ದ ಕಡೆ ಇಂಗ್ಲಿಷಿನಲ್ಲಿ ‘ಫ’ ಬರುತ್ತದೆ: ಪಿತೃ–ಫಾದರ್, ಪಾದ–ಫುಟ್. ‘ತ’ ಇದ್ದ ಕಡೆ ನಾಲಿಗೆ ಹಲ್ಲಿಗೆ ತಾಗಿಸಿ ಹೇಳುವ ‘ಥ’: ತ್ರಿ–ಥ್ರೀ. ‘ದ’ ಇದ್ದ ಕಡೆ ‘ಟ’: ದಶ–ಟೆನ್, ದ್ವಿ–ಟೂ. ‘ಭ’ ಇದ್ದ ಕಡೆ ‘ಬ’: ಭ್ರಾತೃ–ಬ್ರದರ್.

ಇಲ್ಲಿ ಸ್ವಲ್ಪ ನಿಲ್ಲಿ, ಒಂದು ಸೊಗಸಾದ ತೊಡಕು ಇದೆ. ಪಿತೃ, ಮಾತೃ, ಭ್ರಾತೃ ಮೂರರಲ್ಲೂ ನಡುವೆ ‘ತ’ ಇದೆ. ಹಾಗಾದರೆ ಹಳೇ ಇಂಗ್ಲಿಷಿನಲ್ಲಿ ಮೂರರಲ್ಲೂ ಒಂದೇ ಸದ್ದು ಬರಬೇಕಿತ್ತು, ಅಲ್ವಾ? ಬರಲಿಲ್ಲ. ಬ್ರದರ್ ಪದದಲ್ಲಿ ನಿಯಮದಂತೆ ‘ಥ’ ಇತ್ತು, ಆದರೆ ಅಪ್ಪ ಅಮ್ಮನ ಪದಗಳು ಫೆಡರ್, ಮೋಡರ್ ಅಂತ ‘ಡ’ ಇಟ್ಟುಕೊಂಡಿದ್ದವು. ಇಂಗ್ಲಿಷಿನ ದಾಯಾದಿಯಾದ ಜರ್ಮನ್‌ನಲ್ಲಿ ಈ ಭೇದ ಇವತ್ತಿಗೂ ಇದೆ: ಫಾಟರ್, ಮುಟರ್, ಆದರೆ ಬ್ರೂಡರ್. ಏಕೆ ಹೀಗೆ ಅಂತ ಕಂಡುಹಿಡಿದದ್ದು 1870ರ ದಶಕದಲ್ಲಿ ಡೆನ್ಮಾರ್ಕಿನ ಕಾರ್ಲ್ ವೆರ್ನರ್. ಅವನಿಗೆ ಉತ್ತರ ಸಿಕ್ಕಿದ್ದು ವೇದದ ಸ್ವರದಲ್ಲಿ. ಪಿತಾ, ಮಾತಾ ಪದಗಳಲ್ಲಿ ಉದಾತ್ತ ಸ್ವರ, ಅಂದರೆ ದನಿ ಎತ್ತಿ ಹೇಳುವ ಜಾಗ, ಕೊನೆಯ ಅಕ್ಷರದ ಮೇಲೆ. ಭ್ರಾತಾ ಪದದಲ್ಲಿ ಮೊದಲ ಅಕ್ಷರದ ಮೇಲೆ. ಸ್ವರ ತನಗಿಂತ ಮುಂಚೆ ಬಂದರೆ ಆ ಸದ್ದು ‘ಥ’ ಆಗಿ ಉಳಿಯಿತು, ಆಮೇಲೆ ಬಂದರೆ ‘ಡ’ ಆಯಿತು. ಜರ್ಮನ್ ಜನರ ಪೂರ್ವಜರು ಆ ಸ್ವರವನ್ನು ಎಂದೋ ಬಿಟ್ಟಿದ್ದರು. ಅದರ ಗುರುತು ಮಾತ್ರ ಅಪ್ಪ ಅಮ್ಮನನ್ನು ಕರೆಯುವ ಪದದಲ್ಲಿ ಉಳಿದಿತ್ತು. ವೇದಪಾಠ ಹೇಳಿಕೊಡುವವರು ಸ್ವರ ತಪ್ಪಿದರೆ ಯಾಕೆ ಗದರುತ್ತಾರೆ ಅನ್ನುವುದಕ್ಕೆ ಇದೂ ಒಂದು ಸಮರ್ಥನೆ ಅಂತ ಬೇಕಾದರೆ ಇಟ್ಟುಕೊಳ್ಳಿ.

ಆಮೇಲೆ ಸುಮಾರು 15–16ನೇ ಶತಮಾನದಲ್ಲಿ ಇಂಗ್ಲಿಷಿನ ಅಪ್ಪ ಅಮ್ಮನ ಪದಗಳಲ್ಲೂ ‘ಡ’ ಹೋಗಿ ಈಗಿನ ಸದ್ದು ಬಂತು. ಅಂದರೆ ಈಗಿನ ಮೂರು ಪದಗಳು ಒಂದೇ ಥರ ಕೇಳಿಸುವುದು ಹಳೇ ನಂಟಿನಿಂದಲ್ಲ, ಆಮೇಲಿನ ಬದಲಾವಣೆಯಿಂದ.

ಈ ಹಂತದಲ್ಲಿ ಜಾಗ್ರತೆ ಬೇಕಾದ್ದು ಒಂದೇ ಕಡೆ. ಅಪ್ಪ–ಪಾಪಾ, ಅಮ್ಮ–ಮಾಮಾ ಜೋಡಿ ನೋಡಿ ಕನ್ನಡಕ್ಕೂ ಇಂಗ್ಲಿಷಿಗೂ ನಂಟು ಕಟ್ಟಬೇಡಿ. ಮಗು ಮೊದಲು ಹೊರಡಿಸುವ ಸದ್ದುಗಳಲ್ಲಿ ತುಟಿ ಕೂಡಿಸಿ ಬಿಡುವ ಮ, ಪ, ಬ ಇರುತ್ತವೆ. ಆ ಸದ್ದನ್ನು ತಮ್ಮನ್ನು ಕರೆದದ್ದು ಅಂತ ಎಲ್ಲ ದೇಶದ ತಾಯಿತಂದೆಯರೂ ಹಿಗ್ಗುತ್ತಾರೆ. ಅದಕ್ಕೇ ಸಂಬಂಧವೇ ಇಲ್ಲದ ಭಾಷೆಗಳಲ್ಲೂ ಇವು ಒಂದೇ ಥರ ಇರುತ್ತವೆ. ಕನ್ನಡ, ತೆಲುಗು, ತಮಿಳು ಬೇರೆಯೇ ಮನೆತನ ಅಂತ ಫ್ರಾನ್ಸಿಸ್ ವೈಟ್ ಎಲ್ಲಿಸ್ 1816ರಲ್ಲೇ ತೋರಿಸಿದ್ದ. ಇಂಗ್ಲಿಷಿನ ದಾಯಾದಿ ನಮ್ಮ ಕನ್ನಡ ಪದ ಅಲ್ಲ, ನಾವು ಸಂಸ್ಕೃತದಿಂದ ತಂದುಕೊಂಡ ಪದ.

ಯಾರು ಹೊರಗಿನಿಂದ ಬಂದವರು ಅಂತ ಗುರುತು ಹಾಕಿ

ಈಗ ಮೊದಲ ಕಾಲಮ್ಮಿನ ಒಂದೊಂದು ಪದದ ಮುಂದೆ ಮ, ನಾ, ಫ್ರೆ ಅಂತ ಬರೆಯುತ್ತಾ ಹೋಗಿ: ಮನೆಯದು, ನಾರ್ಸ್, ಫ್ರೆಂಚ್. ಒಂದು ಚಿತ್ರ ಕಾಣತೊಡಗುತ್ತದೆ.

ಒಲೆಯ ಸುತ್ತ ಕೂರುವವರೆಲ್ಲ ಮನೆಯ ಪದಗಳು: ಫಾದರ್, ಮದರ್, ಬ್ರದರ್, ಸನ್, ಡಾಟರ್, ಚೈಲ್ಡ್, ವೈಫ್. ವೈಫ್ ಅಂದರೆ ಮೊದಲಿಗೆ ಬರೀ ಹೆಂಗಸು ಅಂತ. ನಮ್ಮ ‘ಹೆಂಡತಿ’ಯಲ್ಲಿ ಹೆಣ್ಣು ಇರುವ ಹಾಗೇ. ಮಿಡ್‌ವೈಫ್ ಪದದಲ್ಲಿ ಆ ಹಳೇ ಅರ್ಥ ಉಳಿದಿದೆ. ಅಲ್ಲಿ ‘ಮಿಡ್’ ಅಂದರೆ ‘ಜೊತೆ’. ಹೆರುವ ಹೆಂಗಸಿನ ಜೊತೆ ಇರುವವಳು ಸೂಲಗಿತ್ತಿ.

ಗಂಡ ಮಾತ್ರ ಹೊರಗಿನಿಂದ ಬಂದವನು. ಹಸ್ಬೆಂಡ್ ನಾರ್ಸ್ ಪದ: ಹೂಸ್ ಅಂದರೆ ಮನೆ, ಬೋಂಡಿ ಅಂದರೆ ನೆಲೆಸಿರುವವನು. ಮನೆ ಯಜಮಾನ. ‘ನಮ್ಮ ಮನೆಯವರು’ ಅಂತ ಗಂಡನ ಹೆಸರು ಹೇಳದೆ ಮಾತಾಡುವವರಿಗೆ ಇದನ್ನು ನೆನಪಿಡಲು ಕಷ್ಟವೇ ಇಲ್ಲ. ಸಿಸ್ಟರ್ ಕೂಡ ಅರ್ಧ ನಾರ್ಸ್. ಹಳೇ ಇಂಗ್ಲಿಷಿನಲ್ಲಿ ಸ್ವಿಯೊಸ್ಟೊರ್ ಅಂತಿತ್ತು. 9ನೇ ಶತಮಾನದಿಂದ ಇಂಗ್ಲೆಂಡಿನ ಉತ್ತರ, ಪೂರ್ವದಲ್ಲಿ ನೆಲೆನಿಂತ ವೈಕಿಂಗರ ಸಿಸ್ಟಿರ್ ಅದರ ಜಾಗ ಹಿಡಿಯಿತು. ಹೊಡೆದಾಟಕ್ಕೆ ಬಂದವರು ಬರೀ ಹೊಡೆದಾಡಿ ಹೋಗಿದ್ದರೆ ಅಕ್ಕತಂಗಿಯ ಪದ ಬದಲಾಗುತ್ತಿರಲಿಲ್ಲ. ಅಲ್ಲೇ ಮದುವೆಯಾಗಿ ಬೇರೂರಿದ್ದರು.

ಹಜಾರಕ್ಕೆ ಬಂದರೆ ಎಲ್ಲ ಫ್ರೆಂಚ್: ಅಂಕಲ್, ಆಂಟ್, ನೆಫ್ಯೂ, ನೀಸ್, ಕಸಿನ್. ಇಲ್ಲಿ ಕನ್ನಡಿಗರಿಗೆ ಹೊಟ್ಟೆಕಿಚ್ಚಾಗುವ ಒಂದು ವಿಷಯ ಇದೆ. ಹಳೇ ಇಂಗ್ಲಿಷಿನಲ್ಲಿ ಸೋದರಮಾವನಿಗೆ ಏಅಮ್, ಅಪ್ಪನ ಅಣ್ಣತಮ್ಮನಿಗೆ ಫೆಡೆರ, ಅಪ್ಪನ ಅಕ್ಕತಂಗಿಗೆ ಫಾಥು, ಅಮ್ಮನ ಅಕ್ಕತಂಗಿಗೆ ಮೋಡ್ರಿಯೆ ಅಂತ ಬೇರೆ ಬೇರೆ ಪದಗಳೇ ಇದ್ದವು. ಮಾವ, ಚಿಕ್ಕಪ್ಪ, ಅತ್ತೆ, ಚಿಕ್ಕಮ್ಮ ಅಂತ ನಾವು ಭೇದ ಮಾಡುವ ಹಾಗೇ. ಲ್ಯಾಟಿನ್‌ನಲ್ಲೂ ಇತ್ತು. ಸೋದರಮಾವ ಅವುಂಕುಲುಸ್, ಚಿಕ್ಕಪ್ಪ ದೊಡ್ಡಪ್ಪ ಪತ್ರುಉಸ್, ಅತ್ತೆ ಅಮಿತ, ಚಿಕ್ಕಮ್ಮ ದೊಡ್ಡಮ್ಮ ಮಾತೆರ್ತೆರ. ಫ್ರೆಂಚ್ ಹಾದಿಯಲ್ಲಿ ಬರುವಾಗ ಅರ್ಧ ಪದಗಳು ಉದುರಿದವು. ಸೋದರಮಾವನ ಅವುಂಕುಲುಸ್ ಸವೆದು ಅಂಕಲ್ ಆಗಿ ಎರಡೂ ಕಡೆಯವರಿಗೆ ಬಂತು. ಅತ್ತೆಯ ಅಮಿತ ಸವೆದು ಆಂಟ್ ಆಗಿ ಚಿಕ್ಕಮ್ಮನನ್ನೂ ನುಂಗಿತು. ಈಗ ಭೇದ ಬೇಕಾದಾಗ ಇಂಗ್ಲಿಷಿನವರು ಮೆಟರ್ನಲ್, ಪೆಟರ್ನಲ್ ಅಂತ ಮುಂದೆ ಸೇರಿಸಬೇಕು. ಒಂದು ಪದದ ಕೆಲಸಕ್ಕೆ ಎರಡು.

ಅವುಂಕುಲುಸ್ ಅಂದರೆ ಬಿಡಿಸಿ ನೋಡಿದರೆ ‘ಪುಟ್ಟ ಅಜ್ಜ’. ಅವುಸ್ ಅಂದರೆ ಅಜ್ಜ. ತುಳುನಾಡಿನ ಅಳಿಯಸಂತಾನದಲ್ಲಿ ಆಸ್ತಿ ಸೋದರಮಾವನಿಂದ ಸೋದರಳಿಯನಿಗೆ ಹೋಗುತ್ತಿತ್ತಲ್ಲ, ಮಾವ–ಸೋದರಳಿಯರ ಇಂಥ ಗಟ್ಟಿ ನಂಟಿಗೆ ಮಾನವಶಾಸ್ತ್ರದವರು ಕೊಟ್ಟ ಹೆಸರು ಅವಂಕ್ಯುಲೇಟ್. ಅದರ ತಮ್ಮ ಅವಂಕ್ಯುಲರ್ ಅನ್ನುವ ಗುಣವಾಚಕ. ಈಗ ಅದರ ಅರ್ಥ ತಿಳಿಯಾಯಿತು: ಮಾವನ ಹಾಗೆ ಪ್ರೀತಿಯಿಂದ, ಸ್ವಲ್ಪ ಬುದ್ಧಿವಾದದ ದಾಟಿಯಲ್ಲಿ ನಡೆದುಕೊಳ್ಳುವುದು.

ನೆಫ್ಯೂ ಕಥೆ ಚಿಕ್ಕದು. ಲ್ಯಾಟಿನ್ ನೆಪೋಸ್ ಅಂದರೆ ಮೊಮ್ಮಗ, ಆಮೇಲೆ ಸೋದರಳಿಯ ಕೂಡ. ಸಂಸ್ಕೃತದ ನಪಾತ್ ಅದರ ದಾಯಾದಿ. ಪೋಪ್‌ಗಳು ತಮ್ಮ ‘ನೆಫ್ಯೂ’ಗಳಿಗೆ ಹುದ್ದೆ ಕೊಡಿಸಿದ್ದರಿಂದ ಇಟಾಲಿಯನ್‌ನಲ್ಲಿ ನೆಪೊಟಿಸ್ಮೊ ಹುಟ್ಟಿ, ಇಂಗ್ಲಿಷಿಗೆ ನೆಪೊಟಿಸಂ ಆಗಿ ಬಂತು. ನಮ್ಮಲ್ಲಿ ಅದಕ್ಕೆ ಸ್ವಜನಪಕ್ಷಪಾತ ಅನ್ನುತ್ತೇವೆ, ಉದಾಹರಣೆ ಹುಡುಕಲು ರೋಮಿಗೇನೂ ಹೋಗಬೇಕಿಲ್ಲ.

ಫ್ಯಾಮಿಲಿಯ ಮೂಲ ನೋಡಿದರೆ ಯಾರಿಗಾದರೂ ಕಸಿವಿಸಿಯಾಗುತ್ತದೆ. ಲ್ಯಾಟಿನ್ ಫಮಿಲಿಯ ಬಂದದ್ದು ಫಮುಲುಸ್‌ನಿಂದ, ಅಂದರೆ ಆಳು, ಗುಲಾಮ. ಯಜಮಾನನ ಅಧೀನದಲ್ಲಿದ್ದ ಎಲ್ಲರೂ, ಗುಲಾಮರೂ ಸೇರಿ, ಫಮಿಲಿಯ. ಇಂಗ್ಲಿಷಿಗೆ ಬಂದಾಗಲೂ ಮೊದಲು ಮನೆಯ ಆಳುಕಾಳುಗಳು ಅಂತಲೇ ಅರ್ಥ ಇತ್ತು. ಅಪ್ಪ, ಅಮ್ಮ, ಮಕ್ಕಳು ಅನ್ನುವ ಅರ್ಥ ನೆಲೆನಿಂತದ್ದು 17ನೇ ಶತಮಾನದ ಹೊತ್ತಿಗೆ.

ಜೋಡಿಸಿದ ಪದಗಳು

ಗ್ರ್ಯಾಂಡ್, ಸ್ಟೆಪ್, ಇನ್-ಲಾ. ಇವನ್ನು ಬೇಗ ಮುಗಿಸೋಣ. ಗ್ರ್ಯಾಂಡ್ ಫ್ರೆಂಚಿನಿಂದ ಬಂತು, ಅಜ್ಜ ಅಜ್ಜಿಗೆ ‘ದೊಡ್ಡ’ ಅಂತ. ಫ್ರೆಂಚರು ಮೊಮ್ಮಗನಿಗೆ ‘ಪುಟ್ಟ ಮಗ’ ಅನ್ನುತ್ತಾರೆ. ಇಂಗ್ಲಿಷಿನವರು ಅದನ್ನು ಬಿಟ್ಟು ಮೊಮ್ಮಗನನ್ನೂ ‘ದೊಡ್ಡ ಮಗ’ ಮಾಡಿಬಿಟ್ಟರು. ಸ್ಟೆಪ್ ಅಂದರೆ ಮೆಟ್ಟಿಲಲ್ಲ. ಹಳೇ ಸ್ಟೆಯೊಪ್, ಅಂದರೆ ಕಳೆದುಕೊಂಡವರು. ಸ್ಟೆಪ್‌ಚೈಲ್ಡ್ ಅಂದರೆ ಮೊದಲು ತಬ್ಬಲಿ ಮಗು. ಆ ಮಗುವಿಗೆ ತಾಯಿಯಾಗಿ ಬಂದವಳು ಸ್ಟೆಪ್‌ಮದರ್. ಇನ್-ಲಾದಲ್ಲಿ ಇರುವ ಕಾನೂನು ಚರ್ಚಿನದು: ಮದುವೆಯಿಂದ ಆದ ನೆಂಟರಲ್ಲಿ ಯಾರು ಯಾರನ್ನು ಮದುವೆಯಾಗಬಾರದು ಅನ್ನುವ ಕಟ್ಟಳೆ.

ಗುಣವಾಚಕದ ಪ್ರತ್ಯಯ ಕತ್ತರಿಸಿ ನೋಡಿ

ಈಗ ಎರಡನೇ, ಮೂರನೇ ಕಾಲಮ್ಮಿಗೆ ಬನ್ನಿ. ಗುಣವಾಚಕದ ಕೊನೆಯ ತುಂಡನ್ನು ಬೆರಳಿನಿಂದ ಮುಚ್ಚಿ. ಉಳಿದದ್ದು ಪೂರ್ತಿ ಇಂಗ್ಲಿಷ್ ಪದವೇ? ಹಾಗಿದ್ದರೆ ಅದು ಸಾಮಾನ್ಯವಾಗಿ ಮನೆಯ ಪ್ರತ್ಯಯ. ಪೆಟರ್ನ್, ಫ್ರಟರ್ನ್, ಫಿಲಿ ಅಂತ ಮೊಂಡು ತುಂಡು ಉಳಿದರೆ ಲ್ಯಾಟಿನ್. ಪೇರೆಂಟಲ್ ಥರದ್ದು ಈ ಪರೀಕ್ಷೆಯನ್ನು ತಪ್ಪಿಸಿಕೊಳ್ಳುತ್ತದೆ, ಏಕೆಂದರೆ ಪೇರೆಂಟ್ ಪದವೇ ಲ್ಯಾಟಿನ್ ಮೂಲದ್ದು.

ಅದಕ್ಕೆ ಎರಡನೇ ಪರೀಕ್ಷೆ, ಉಚ್ಚಾರದ್ದು. ಜೋರಾಗಿ ಹೇಳಿ ನೋಡಿ. ಮದರ್–ಮದರ್ಲಿ: ಒತ್ತು ‘ಮ’ ಮೇಲೇ ಉಳಿಯಿತು. ಪೇರೆಂಟ್–ಪರೆಂಟಲ್: ಒತ್ತು ‘ಪೇ’ ಬಿಟ್ಟು ‘ರೆಂ’ ಮೇಲೆ ಬಂತು. ಫ್ಯಾಮಿಲಿ–ಫೆಮಿಲಿಯರ್: ‘ಫ್ಯಾ’ ಬಿಟ್ಟು ‘ಮಿ’ ಮೇಲೆ. ಮನೆಯ ಪ್ರತ್ಯಯ ಒತ್ತನ್ನು ಅಲ್ಲಾಡಿಸುವುದಿಲ್ಲ, ಲ್ಯಾಟಿನ್‌ನದು ಎಷ್ಟೋ ಸಲ ಎಳೆದುಕೊಳ್ಳುತ್ತದೆ. ಕನ್ನಡದಲ್ಲಿ ಇಂಥ ಒತ್ತು ಇಲ್ಲದ್ದರಿಂದ ನಾವು ಎಡವುವುದು ಇಲ್ಲೇ ಜಾಸ್ತಿ.

ಇನ್ನು ಒಂದೊಂದು ಪ್ರತ್ಯಯ.

-ಲಿ. ನನ್ನ ಮೆಚ್ಚಿನದು, ಅದಕ್ಕೇ ಉದ್ದಕ್ಕೆ ಹೇಳುತ್ತೇನೆ. ಹಳೇ ಇಂಗ್ಲಿಷಿನಲ್ಲಿ ಲೀಚ್ ಅಂದರೆ ಮೈ, ದೇಹ. ಫಾದರ್ಲಿ ಅಂದರೆ ‘ಅಪ್ಪನ ಮೈ ಹೊತ್ತದ್ದು’, ಅಪ್ಪನ ರೂಪದ್ದು. ಅದೇ ಪದ ಹೆಣ ಅನ್ನುವ ಅರ್ಥದಲ್ಲೂ ಇತ್ತು. ಜರ್ಮನ್‌ನಲ್ಲಿ ಹೆಣಕ್ಕೆ ಇವತ್ತಿಗೂ ಲೈಖೆ ಅನ್ನುತ್ತಾರೆ. ಇಂಗ್ಲೆಂಡಿನ ಹಳ್ಳಿ ಚರ್ಚುಗಳ ಮುಂದೆ ಶವಪೆಟ್ಟಿಗೆ ಇಳಿಸಿ ಪಾದ್ರಿಗೆ ಕಾಯುವ ಚಾವಣಿ ಬಾಗಿಲಿಗೆ ಲಿಚ್‌ಗೇಟ್ ಅಂತ ಹೆಸರು. ‘ಹಾಗೆ’ ಅನ್ನುವ ಅರ್ಥದ ಲೈಕ್ ಕೂಡ ಅದೇ ಬೇರಿನದು. ಆದ್ದರಿಂದ ಚೈಲ್ಡ್‌ಲೈಕ್ ಪದದ -ಲೈಕ್ ಮತ್ತು ಫಾದರ್ಲಿಯ -ಲಿ ಒಂದೇ ಪದದ ಎರಡು ವಯಸ್ಸು. ಒಂದು ಸವೆದದ್ದು, ಇನ್ನೊಂದು ಹೊಸದಾಗಿ ಅಂಟಿಸಿದ್ದು.

ಕೊನೆಗೆ -ಲಿ ಇದ್ದರೆ ಕ್ರಿಯಾವಿಶೇಷಣ ಅಂತ ಶಾಲೆಯಲ್ಲಿ ಹೇಳಿಕೊಟ್ಟಿರುತ್ತಾರೆ. ಅರ್ಧ ಸರಿ. ಹಳೇ ಭಾಷೆಯಲ್ಲಿ ಗುಣವಾಚಕಕ್ಕೆ ಒಂದು ರೂಪ, ಕ್ರಿಯಾವಿಶೇಷಣಕ್ಕೆ ಕೊನೆಯಲ್ಲಿ ‘ಎ’ ಸೇರಿದ ಇನ್ನೊಂದು ರೂಪ ಇತ್ತು. ಆ ‘ಎ’ ಉದುರಿದ ಮೇಲೆ ಎರಡೂ ಒಂದೇ ಥರ ಆದವು. ಈಗ ಗುರುತಿಸಲು ಹೀಗೆ ಮಾಡಿ: ನಾಮಪದಕ್ಕೆ -ಲಿ ಸೇರಿದ್ದರೆ ಗುಣವಾಚಕ, ಫಾದರ್ಲಿ, ಫ್ರೆಂಡ್ಲಿ, ಕಿಂಗ್ಲಿ. ಗುಣವಾಚಕಕ್ಕೆ -ಲಿ ಸೇರಿದ್ದರೆ ಕ್ರಿಯಾವಿಶೇಷಣ, ಕ್ವಿಕ್ಲಿ, ಸ್ಯಾಡ್ಲಿ. ಅದಕ್ಕೇ ‘ಅವರು ಫ್ರೆಂಡ್ಲಿ ಮಾತಾಡಿದರು’ ಅಂತ ಇಂಗ್ಲಿಷಿನಲ್ಲಿ ನೇರ ಹೇಳಲಾಗದು. ‘ಇನ್ ಎ ಫ್ರೆಂಡ್ಲಿ ವೇ’ ಅಂತ ಸುತ್ತು ಹಾಕಬೇಕು.

-ಇಶ್. ಮೊದಲು ಊರು, ಜನಾಂಗ ಹೇಳಲು ಬಂತು: ಇಂಗ್ಲಿಷ್, ಸ್ಕಾಟಿಶ್. ಮನುಷ್ಯರಿಗೆ ಅಂಟಿದಾಗ ಸ್ವಲ್ಪ ಹಳಿಯುವ ವಾಸನೆ ಹತ್ತಿತು. ದೊಡ್ಡವರನ್ನು ಚೈಲ್ಡಿಶ್ ಅಂದರೆ ಬೈಗುಳ, ಚೈಲ್ಡ್‌ಲೈಕ್ ಅಂದರೆ ಹೊಗಳಿಕೆ. ನಮ್ಮ ‘ಹುಡುಗಾಟಿಕೆ’ಗೂ ‘ಮಗುವಿನಂಥ ಮನಸ್ಸಿ’ಗೂ ಇರುವಷ್ಟೇ ದೂರ. ಬಣ್ಣಕ್ಕೋ ಗಂಟೆಗೋ ಸೇರಿದರೆ ‘ಸುಮಾರು’ ಅಂತ: ಗ್ರೀನಿಶ್, ಸಿಕ್ಸಿಶ್. ಇದೇ ಪ್ರತ್ಯಯ ಜರ್ಮನ್ ಮೂಲದ ಭಾಷೆಗಳಿಂದ ಇಟಲಿಗೆ ಹೋಗಿ, ಫ್ರಾನ್ಸ್ ಸುತ್ತಿ, -ಎಸ್ಕ್ ಆಗಿ ಇಂಗ್ಲಿಷಿಗೆ ವಾಪಸ್ ಬಂದಿದೆ. ಪಿಕ್ಚರೆಸ್ಕ್ ನೋಡಿ.

-ಲೆಸ್, -ಫುಲ್. ಫುಲ್ ಅಂದರೆ ತುಂಬಿದ್ದು, ವಿವರಣೆ ಬೇಡ. ಲೆಸ್ ಮಾತ್ರ ‘ಕಡಿಮೆ’ ಅನ್ನುವ ಲೆಸ್ ಅಲ್ಲ. ಹಳೇ ಲೇಅಸ್, ‘ಇಲ್ಲದ’, ಲೂಸ್ ಪದದ ನೆಂಟ. ಫಾದರ್‌ಲೆಸ್ ಅಂದರೆ ಅಪ್ಪ ಕಡಿಮೆ ಅಂತಲ್ಲ, ಇಲ್ಲ ಅಂತ.

-ಅಲ್, -ಅರ್. ಎರಡೂ ಲ್ಯಾಟಿನ್‌ನ ಒಂದೇ ಪ್ರತ್ಯಯ. ಪದದಲ್ಲಿ ಮೊದಲೇ ‘ಲ’ ಇದ್ದರೆ ಮತ್ತೊಂದು ‘ಲ’ ಬೇಡ ಅಂತ ರೋಮನ್ನರು -ಅರ್ ಬಳಸಿದರು: ಸೋಲಾರ್, ಪಾಪ್ಯುಲರ್, ಫೆಮಿಲಿಯರ್. ಇಲ್ಲದಿದ್ದರೆ -ಅಲ್: ಪೆಟರ್ನಲ್, ಮೆಟರ್ನಲ್. ನಿಯಮ ಮೀರಿದವೂ ಇವೆ, ಲೋಕಲ್, ಲೀಗಲ್, ಫಿಲಿಯಲ್. ಫೆಮಿಲಿಯರ್ ಅಂದರೆ ಮನೆಯವರಷ್ಟು ಪರಿಚಿತ. ಆ ಪದ ‘ಗೊತ್ತಿರುವ’ ಅನ್ನುವ ಅರ್ಥಕ್ಕೆ ಹೋಗಿಬಿಟ್ಟಿತು. ಆಮೇಲೆ ಕುಟುಂಬದ್ದು ಅನ್ನಲು ಬೇರೆ ಪದ ಬೇಕಾಗಿ, ಸುಮಾರು 1900ರಲ್ಲಿ ಫ್ರೆಂಚಿನಿಂದ ಫೆಮಿಲಿಯಲ್ ತಂದರು. ವೈದ್ಯರು ವಂಶದಲ್ಲಿ ಬರುವ ಕಾಯಿಲೆಗೆ ಇದನ್ನೇ ಬಳಸುತ್ತಾರೆ. ರಿಪೋರ್ಟಿನಲ್ಲಿ ಇದನ್ನು ಫೆಮಿಲಿಯರ್ ಅಂತ ಓದಿಕೊಳ್ಳಬೇಡಿ.

-ಇಕ್. ಗ್ರೀಕಿನ -ಇಕೊಸ್, ಲ್ಯಾಟಿನ್‌ನ -ಇಕುಸ್. ಕೌಟುಂಬಿಕ, ಸಾಮಾಜಿಕ ಅನ್ನುವಲ್ಲಿ ನಾವು ಬಳಸುವ ಸಂಸ್ಕೃತದ -ಇಕ ಇದರ ದಾಯಾದಿ. ಡೊಮೆಸ್ಟಿಕ್ ಪದದ ಒಳಗಿರುವುದು ಲ್ಯಾಟಿನ್ ಡೊಮುಸ್, ಮನೆ. ಸಂಸ್ಕೃತದಲ್ಲಿ ಅದೇ ಪದ ದಮ. ಮನೆಯ ಒಡೆಯ ದಂಪತಿ. ಗ್ರೀಕಿನಲ್ಲಿ ಅದೇ ಜೋಡಣೆ ದೆಸ್ಪೊತೇಸ್ ಆಗಿ, ಇಂಗ್ಲಿಷಿಗೆ ಡೆಸ್ಪಾಟ್ ಆಗಿ ಬಂದಿದೆ, ಸರ್ವಾಧಿಕಾರಿ ಅನ್ನುವ ಅರ್ಥದಲ್ಲಿ. ಮದುವೆ ಕರೆಯೋಲೆಯಲ್ಲಿ ‘ದಂಪತಿ’ ಅಂತ ಅಚ್ಚು ಹಾಕಿಸುವವರಿಗೆ ಇದನ್ನು ಹೇಳಬೇಕೋ ಬೇಡವೋ ನಿಮಗೆ ಬಿಟ್ಟದ್ದು.

-ಅಸ್, -ಏಬಲ್. ಮೊದಲನೆಯದು ‘ತುಂಬಿದ, ಜಾಸ್ತಿ ಇರುವ’ ಅಂತ. ಲ್ಯಾಟಿನ್ ಉಕ್ಸೊರ್ ಅಂದರೆ ಹೆಂಡತಿ. ಅಕ್ಸೋರಿಯಸ್ ಅಂದರೆ ಹೆಂಡತಿಯ ಸೆರಗು ಹಿಡಿದು ತಿರುಗುವವನು. ಎರಡನೆಯದಕ್ಕೂ ‘ಸಮರ್ಥ’ ಅನ್ನುವ ಏಬಲ್‌ಗೂ ಹುಟ್ಟಿನಲ್ಲಿ ನಂಟಿಲ್ಲ. ನೋಡಲು ಒಂದೇ ಥರ ಇರುವುದರಿಂದ ಜನ ಸೇರಿಸಿಕೊಂಡರು, ಆಮೇಲೆ ಯಾವ ಕ್ರಿಯಾಪದಕ್ಕೆ ಬೇಕಾದರೂ ಅಂಟಿಸಿದರು.

-ಹುಡ್, -ಶಿಪ್ ಗುಣವಾಚಕದವಲ್ಲ. ಮದರ್‌ಹುಡ್ ನಾಮಪದ. ಪಟ್ಟಿಯಿಂದ ತೆಗೆದುಬಿಡಿ.

ಬರೆಯುವಾಗ ಯಾವುದು ಆರಿಸಬೇಕು

ಸ್ವಭಾವ, ಪ್ರೀತಿ, ನಡವಳಿಕೆ ಹೇಳುವಾಗ ಎರಡನೇ ಕಾಲಮ್. ರಕ್ತ, ಆಸ್ತಿ, ಕಾನೂನು, ಆಸ್ಪತ್ರೆ ಅಂದರೆ ಮೂರನೆಯದು. ‘ಮದರ್ಲಿ ಅಡ್ವೈಸ್’ ಸರಿ, ‘ಮದರ್ಲಿ ಗ್ರ್ಯಾಂಡ್‌ಫಾದರ್’ ನಗೆಪಾಟಲು. ಅಮ್ಮನ ಅಪ್ಪ ಮೆಟರ್ನಲ್ ಗ್ರ್ಯಾಂಡ್‌ಫಾದರ್. ಒಂದೇ ಅಂಡದಿಂದ ಹುಟ್ಟದ ಅವಳಿಗಳು ಫ್ರಟರ್ನಲ್ ಟ್ವಿನ್ಸ್. ಇಬ್ಬರೂ ಹೆಣ್ಣಾಗಿದ್ದರೂ ಅದೇ ಪದ.

ಅರ್ಜಿ ತುಂಬುವಾಗ ಬರೀ ಅಂಕಲ್ ಅಂತ ಬರೆದರೆ ಯಾರು ಅಂತ ತಿಳಿಯುವುದಿಲ್ಲ. ಸೋದರಮಾವನಾದರೆ ‘ಮದರ್ಸ್ ಬ್ರದರ್’ ಅಂತ ಬರೆಯುವುದೇ ಎಲ್ಲಕ್ಕಿಂತ ಸಲೀಸು. ಕಸಿನ್-ಬ್ರದರ್, ಕೋ-ಬ್ರದರ್ ನಮ್ಮ ದೇಶದ ಇಂಗ್ಲಿಷಿನ ಪದಗಳು. ಷಡ್ಡಕನಿಗೆ ಇಂಗ್ಲೆಂಡಿನಲ್ಲಿ ಬೇರೆ ಪದ ಇಲ್ಲದ್ದರಿಂದ ಕೋ-ಬ್ರದರ್ ಹುಟ್ಟಿದ್ದು ತಪ್ಪೇನಲ್ಲ. ಆದರೆ ಹೊರದೇಶದ ವೀಸಾ ಅಧಿಕಾರಿಗೆ ಅರ್ಥವಾಗದು, ಅಲ್ಲಿ ‘ವೈಫ್ಸ್ ಸಿಸ್ಟರ್ಸ್ ಹಸ್ಬೆಂಡ್’ ಅಂತ ಬಿಡಿಸಿ ಬರೆಯಿರಿ. ವಾರಗಿತ್ತಿಗೂ ಬೀಗರಿಗೂ ಇದೇ ಗತಿ.

ಕೈ ಪಳಗಿಸಿಕೊಳ್ಳಲು ಕೆಲವು ಪದ ಕೊಡುತ್ತೇನೆ, ನೀವೇ ಹುಡುಕಿ. ಕಿಂಗ್ಲಿ, ರಾಯಲ್, ರೀಗಲ್ ಮೂರಕ್ಕೂ ‘ರಾಜನ’ ಅಂತಲೇ ಅರ್ಥ. ಯಾವುದು ಮನೆಯದು, ಯಾವುದು ಫ್ರೆಂಚಿನ ಬಾಗಿಲಿನಿಂದ, ಯಾವುದು ನೇರ ಲ್ಯಾಟಿನ್‌ನಿಂದ? ಚಿಲ್ಡ್ರನ್ ಪದದಲ್ಲಿ ಬಹುವಚನ ಎರಡು ಸಲ ಸೇರಿದೆ, ‘ಮಕ್ಕಳುಗಳು’ ಅಂದ ಹಾಗೆ. ಎಲ್ಲೆಲ್ಲಿ ಸೇರಿದೆ? ಬ್ರೈಡ್‌ಗ್ರೂಮ್ ಪದದ ಗ್ರೂಮ್‌ಗೂ ಕುದುರೆ ಉಜ್ಜುವ ಗ್ರೂಮ್‌ಗೂ ಮೂಲದಲ್ಲಿ ಸಂಬಂಧ ಇಲ್ಲ. ಹಳೇ ಇಂಗ್ಲಿಷಿನ ಗುಮ ಅನ್ನುವ ಪದ ಹಿಡಿದು ಹೊರಡಿ, ಲ್ಯಾಟಿನ್‌ನ ಹೋಮೊವರೆಗೂ ದಾರಿ ಇದೆ.